ದೊಡ್ಡ ಸಾಕುಹಾವುಗಳನ್ನು ಹಿಡಿಯುವುದು, ಪಳಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೋವಾ, ಬರ್ಮೀಸ್ ಪೈಥಾನ್, ರೆಟಿಕ್ಯುಲೇಟೆಡ್ ಪೈಥಾನ್‌ನಂಥ ಬಿಗಿದು ಕೊಲ್ಲುವ ಹಾವುಗಳನ್ನು ಕಾನೂನುಬದ್ಧವಾಗಿ ಸಾಕುತ್ತಿರುವವರಿಗೆ, ಸಾಕಬೇಕೆಂದು ಯೋಚಿಸುತ್ತಿರುವವರಿಗೆ ಈ ಪುಟ. ವಿಷದ ಹಾವುಗಳ ವಿಚಾರ ಇಲ್ಲಿಲ್ಲ. ಅದು ಮನೆಯಲ್ಲಿ ಇಟ್ಟುಕೊಳ್ಳುವ ಹವ್ಯಾಸವೇ ಅಲ್ಲ.

‘ದೊಡ್ಡ ಹಾವು’ ಅಂದರೆ ಎಷ್ಟು ದೊಡ್ಡದು?

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬೋವಾದ ಹೆಣ್ಣು 6ರಿಂದ 8 ಅಡಿಗೆ ಬೆಳೆಯುತ್ತದೆ. ಗಂಡು ಇನ್ನೂ ಚಿಕ್ಕದು. ಬರ್ಮೀಸ್ ಪೈಥಾನ್ ಹೆಣ್ಣು 13ರಿಂದ 16 ಅಡಿ ಮುಟ್ಟುವುದು ಮಾಮೂಲು, ತೂಕ 40 ಕೆ.ಜಿ. ದಾಟಬಹುದು. ರೆಟಿಕ್ಯುಲೇಟೆಡ್ ಪೈಥಾನ್ (ಚಿಕ್ಕದಾಗಿ ‘ರೆಟಿಕ್’) ಜಗತ್ತಿನಲ್ಲೇ ಅತಿ ಉದ್ದದ ಹಾವು. ದೊಡ್ಡ ತಳಿಯ ಹೆಣ್ಣುಗಳು 16 ಅಡಿ ಮೀರುತ್ತವೆ. ಮೂರೂ 20 ವರ್ಷಕ್ಕೂ ಮೇಲೆ ಬದುಕುತ್ತವೆ. ಅಂಗೈಯಲ್ಲಿ ಸುತ್ತಿಕೊಂಡು ಕೂತ ಮರಿಯನ್ನು ನೋಡಿ ತರುವವರು ಈ ಅಂಕಿಗಳನ್ನು ಮೊದಲು ಓದಬೇಕು. ಮೊದಲ ಎರಡು-ಮೂರು ವರ್ಷದಲ್ಲೇ ಬರ್ಮೀಸ್ ನಿಮ್ಮೊಬ್ಬರ ಕೈ ಮೀರುತ್ತದೆ.

ಮೊದಲ ಸಲ ದೊಡ್ಡ ಹಾವು ಸಾಕುವವರಿಗೆ ನಮ್ಮ ಸಲಹೆ ಗಂಡು ಬೋವಾ. ಇದಕ್ಕಿಂತ ದೊಡ್ಡದು ಬೇಕೇ ಬೇಕು ಎನ್ನುವವರ ಮನೆಯಲ್ಲಿ ಹಾವು ಹಿಡಿಯಬಲ್ಲ ಎರಡನೇ ದೊಡ್ಡವರು ಇರಲೇಬೇಕು.

ಕರ್ನಾಟಕದಲ್ಲಿ ಹೆಬ್ಬಾವು ಸಾಕಬಹುದಾ?

ನಮ್ಮ ಕಾಡಿನ ಹೆಬ್ಬಾವನ್ನು ಸಾಕುವಂತಿಲ್ಲ, ಮಾರುವಂತಿಲ್ಲ, ಹಿಡಿದು ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದು ಇದೆ. ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ತೋಟದಲ್ಲೋ ಕೋಳಿಗೂಡಿನಲ್ಲೋ ಹೆಬ್ಬಾವು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಈ ಪುಟ ಓದಿ ನೀವೇ ಹಿಡಿಯಲು ಹೋಗಬೇಡಿ. ಕಾಡಿನ ಹಾವಿಗೂ ಗೂಡಿನಲ್ಲೇ ಹುಟ್ಟಿ ಬೆಳೆದ ಹಾವಿಗೂ ವರ್ತನೆಯಲ್ಲಿ ಬಹಳ ಅಂತರವಿದೆ. ‘ಎರಡು ತಲೆ ಹಾವು’ ಎಂದು ಲಕ್ಷಗಟ್ಟಲೆ ಬೆಲೆ ಹೇಳಿ ಮಾರುವ ಮಣ್ಣುಮುಕ್ಕನ ವ್ಯವಹಾರವೂ ಅಪರಾಧವೇ.

ವಿದೇಶಿ ಬೋವಾ, ಬಾಲ್ ಪೈಥಾನ್‌ಗಳ ಲೆಕ್ಕ ಬೇರೆ. ಬೋವಾ ಮತ್ತು ಪೈಥಾನ್‌ಗಳೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಡಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ದಾಖಲೆ ತೋರಿಸದೆ ‘ಆಮೇಲೆ ಕೊಡ್ತೀನಿ’ ಎನ್ನುವ ಮಾರಾಟಗಾರರಿಂದ ಹಾವು ತರಬೇಡಿ. ಒಂದು ಸೂಕ್ಷ್ಮ ವಿಷಯ: ಬರ್ಮೀಸ್ ಈಶಾನ್ಯ ಭಾರತದ, ರೆಟಿಕ್ ನಿಕೋಬಾರ್ ಕಡೆಯ ಸ್ಥಳೀಯ ಹಾವು. ಹಾಗಾಗಿ ಭಾರತದಲ್ಲಿ ಅವನ್ನು ‘ವಿದೇಶಿ’ ಎಂದು ಇಟ್ಟುಕೊಳ್ಳುವ ದಾರಿಯಿಲ್ಲ. ಈ ಪುಟದಲ್ಲಿ ಅವುಗಳ ಬಗ್ಗೆ ಇರುವ ಸಲಹೆ ಹೊರದೇಶದಲ್ಲಿ ಕಾನೂನುಬದ್ಧವಾಗಿ ಸಾಕುವವರಿಗೆ.

ಅಮೆರಿಕದಲ್ಲಿರುವವರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಬರ್ಮೀಸ್ 2012ರಲ್ಲಿ, ರೆಟಿಕ್ 2015ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ‘ಹಾನಿಕಾರಕ’ ಪಟ್ಟಿ ಸೇರಿವೆ, ಆಮದು ನಿಂತಿದೆ. ಫ್ಲಾರಿಡಾದಲ್ಲಿ ಇವೆರಡನ್ನೂ ಸಾಕುಪ್ರಾಣಿಯಾಗಿ ಹೊಸದಾಗಿ ತರುವಂತಿಲ್ಲ.

ಹಾವನ್ನು ನಿಜವಾಗಿ ಪಳಗಿಸಬಹುದಾ?

ಪಳಗಿಸಬಹುದು. ಆದರೆ ‘ಕೂರು’, ‘ಬಾ’ ಎಂದು ಹೇಳಿಕೊಡುವುದಲ್ಲ ಇದು. ಸಾಕುಹಾವಿನಿಂದ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಸಿಟ್ಟಿನಿಂದ ಆಗುವುದಿಲ್ಲ, ಊಟದ ಗೊಂದಲದಿಂದ ಆಗುತ್ತವೆ. ಬಾಗಿಲು ತೆರೆಯುತ್ತದೆ, ಬೆಚ್ಚಗಿನದೊಂದು ಅಲ್ಲಾಡುತ್ತದೆ, ಹತ್ತಿರದಲ್ಲೆಲ್ಲೋ ಇಲಿಯ ವಾಸನೆ ಇದೆ. ಇಷ್ಟು ಸಾಕು, ಹಾವು ನುಗ್ಗುತ್ತದೆ. ಅದಕ್ಕೆ ನಿಮ್ಮ ಕೈಗೂ ಮೊಲಕ್ಕೂ ಆ ಹೊತ್ತಿನಲ್ಲಿ ವ್ಯತ್ಯಾಸವಿಲ್ಲ.

ಹಾಗಾಗಿ ತರಬೇತಿಯ ಗುರಿ ಒಂದೇ: ಇದು ಊಟದ ಹೊತ್ತೋ, ಕೈಯ ಹೊತ್ತೋ ಎಂದು ಹಾವಿಗೆ ಪ್ರತಿ ಸಲ ಮೊದಲೇ ಗೊತ್ತಾಗಬೇಕು. ಹುಕ್ (ತುದಿ ಬಾಗಿದ ಕೋಲು) ತಾಗಿದರೆ ಊಟವಿಲ್ಲ. ಟಾರ್ಗೆಟ್ (ಕೋಲಿನ ತುದಿಗೆ ಸಿಕ್ಕಿಸಿದ ಚೆಂಡು) ಕಂಡರೆ ಊಟವಿದೆ. ಮುಂದಿನ ಅರ್ಧ ಪುಟ ಈ ಎರಡು ವಾಕ್ಯಗಳ ವಿವರಣೆ.

ಹುಕ್ ತರಬೇತಿ ಮಾಡುವುದು ಹೇಗೆ?

3ರಿಂದ 4 ಅಡಿ ಉದ್ದದ, ತುದಿ ಮೊಂಡಾಗಿರುವ ಹುಕ್ ಬೇಕು. ದೊಡ್ಡ ಹಾವಿಗೆ ಇದು ಎತ್ತುವ ಸಾಧನವಲ್ಲ. 10 ಕೆ.ಜಿ. ಭಾರವನ್ನು ಬೆರಳುದಪ್ಪದ ಕಬ್ಬಿಣದ ಮೇಲೆ ತೂಗಿಸಿದರೆ ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಇದು ಮುಟ್ಟುವುದಕ್ಕೆ ಮತ್ತು ತಲೆಯನ್ನು ಮೆಲ್ಲಗೆ ಅತ್ತ ಸರಿಸುವುದಕ್ಕೆ ಮಾತ್ರ.

1. ಇಲಿ, ಮೊಲ, ನಾಯಿ, ಬೆಕ್ಕು, ಕೋಳಿ ಯಾವುದನ್ನು ಮುಟ್ಟಿದ್ದರೂ ಸೋಪಿನಿಂದ ಕೈ ತೊಳೆಯಿರಿ. ಉಂಗುರ, ವಾಚು ತೆಗೆದಿಡಿ.
2. ಬಾಗಿಲು ತೆರೆದು ಅರ್ಧ ನಿಮಿಷ ಸುಮ್ಮನೆ ನಿಲ್ಲಿ. ಕೈ ಒಳಗೆ ಹೋಗಬಾರದು. ತಲೆ ಎಲ್ಲಿದೆ ಎಂದು ನೋಡಿ. ತಲೆ ಕಾಣದಿದ್ದರೆ ಮುಂದುವರಿಯಬೇಡಿ.
3. ಹುಕ್ಕಿನ ಬೆನ್ನಿನಿಂದ ಮೊದಲು ಮೈ ಮಧ್ಯಕ್ಕೆ, ಆಮೇಲೆ ಕತ್ತಿನ ಹತ್ತಿರಕ್ಕೆ ಮೆಲ್ಲಗೆ ಸವರಿ. ಬಡಿಯುವುದಲ್ಲ, ಚುಚ್ಚುವುದೂ ಅಲ್ಲ.
4. ಹಾವಿನ ಉತ್ತರಕ್ಕೆ ಕಾಯಿರಿ.
5. ಉತ್ತರ ಸರಿಯಿದ್ದರೆ ಹುಕ್ಕನ್ನು ತಲೆಗೂ ಕೈಗೂ ನಡುವೆ ಹಿಡಿದೇ ಇನ್ನೊಂದು ಕೈಯಿಂದ ಮೈ ಮಧ್ಯವನ್ನು ಎತ್ತಿ.

ನಾಲ್ಕನೆಯದೇ ಮುಖ್ಯ. ಬಾಗಿಲ ಸದ್ದಿಗೆ ಎಚ್ಚೆತ್ತ ಬೋವಾದ ಕತ್ತು ‘ಎಸ್’ ಆಕಾರದಲ್ಲಿ ಹಿಂದಕ್ಕೆ ಮಡಚಿರುತ್ತದೆ, ಮೂತಿ ಬಾಗಿಲ ಕಡೆಗೇ ನೆಟ್ಟಿರುತ್ತದೆ, ನಾಲಿಗೆ ಬೇಗಬೇಗ ಬಂದು ಹೋಗುತ್ತದೆ. ಹುಕ್ ಎರಡು ಸಲ ಸವರಿದ ಮೇಲೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ, ತಲೆ ನೆಲಕ್ಕಿಳಿದು ಪಕ್ಕಕ್ಕೆ ತಿರುಗುತ್ತದೆ, ನಾಲಿಗೆ ನಿಧಾನವಾಗಿ ಉದ್ದಕ್ಕೆ ಚಾಚಿ ಮೇಲೆ ಕೆಳಗೆ ಆಡುತ್ತದೆ. ಈ ಬದಲಾವಣೆ ಕಂಡಮೇಲೆಯೇ ಕೈ. ಕಾಣದಿದ್ದರೆ ಬಾಗಿಲು ಮುಚ್ಚಿ, ನಾಳೆ ನೋಡಿ.

ಮೂರು ನಿಯಮ ತಪ್ಪಬಾರದು. ಗೂಡು ತೆರೆದು ಹಾವನ್ನು ಮುಟ್ಟುವ ಪ್ರತಿ ಸಲವೂ ಹುಕ್ ಬರಬೇಕು, ನೀರಿನ ಬಟ್ಟಲು ತೆಗೆಯುವುದಕ್ಕೂ. ಹುಕ್ ತಾಗಿದ ದಿನ ಊಟ ಕೊಡಬಾರದು. ಮನೆಯಲ್ಲಿ ಎಲ್ಲರೂ ಒಂದೇ ರೀತಿ ಮಾಡಬೇಕು. ಒಬ್ಬರು ಹುಕ್ ಬಳಸಿ ಇನ್ನೊಬ್ಬರು ನೇರ ಕೈ ಹಾಕಿದರೆ ಹಾವು ಏನನ್ನೂ ಕಲಿಯುವುದಿಲ್ಲ.

ಹುಕ್ ಮುಟ್ಟಿಸಿದರೂ ಬುಸುಗುಟ್ಟಿ ನುಗ್ಗುತ್ತದೆ. ಏನು ತಪ್ಪಾಗುತ್ತಿದೆ?

ಮೊದಲು ಕಣ್ಣು ನೋಡಿ. ನೀಲಿ ಮಿಶ್ರಿತ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವ ಮುಂಚಿನ ದಿನಗಳು. ಸರಿಯಾಗಿ ಕಾಣದ ಹಾವು ಎಲ್ಲದಕ್ಕೂ ಹೆದರುತ್ತದೆ. ಪೊರೆ ಬಿಟ್ಟು ಮುಗಿಯುವವರೆಗೆ ಮುಟ್ಟಬೇಡಿ.

ಕಣ್ಣು ತಿಳಿಯಾಗಿದ್ದರೆ ಗೂಡಿನ ಬಿಸಿ ಅಳೆಯಿರಿ. ಬೋವಾ, ಬರ್ಮೀಸ್ ಎರಡಕ್ಕೂ ಬಿಸಿ ಮೂಲೆ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 26–27 ಇರಬೇಕು. 35 ದಾಟಿದ ಗೂಡಿನಲ್ಲಿ ಹಾವು ಚಡಪಡಿಸುತ್ತದೆ. ಅಡಗಲು ಗೂಡಿನ ಎರಡೂ ತುದಿಯಲ್ಲಿ ಮರೆ ಇದೆಯೇ? ಬರೀ ಒಂದೇ ಮರೆ, ಅದೂ ಬಿಸಿ ಕಡೆ ಇದ್ದರೆ, ಹಾವು ತಂಪಿಗೂ ಭದ್ರತೆಗೂ ನಡುವೆ ಆರಿಸಬೇಕಾಗುತ್ತದೆ. ದಿನಾ ಸಿಟ್ಟಾಗಿರುವ ಹಾವು ಎಂದು ದೂರುವವರ ಗೂಡಿನಲ್ಲಿ ಈ ಎರಡರಲ್ಲೊಂದು ಕೆಟ್ಟಿರುವುದೇ ಜಾಸ್ತಿ.

ಎಲ್ಲ ಸರಿಯಿದ್ದೂ ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಕಂಡರೆ ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ.

ಟಾರ್ಗೆಟ್ ತರಬೇತಿ ಎಂದರೇನು?

ಕೋಲಿನ ತುದಿಗೆ ಟೆನಿಸ್ ಚೆಂಡಿನಷ್ಟು ದೊಡ್ಡ, ಗಾಢ ಬಣ್ಣದ ಚೆಂಡು ಸಿಕ್ಕಿಸಿ. ಅದೇ ಟಾರ್ಗೆಟ್. ಊಟದ ದಿನ ಮೊದಲು ಚೆಂಡನ್ನು ಹಾವಿನ ಮುಂದೆ ಒಂದಡಿ ದೂರದಲ್ಲಿ ತೋರಿಸಿ. ಹಾವು ನಾಲಿಗೆ ಚಾಚಿ ಅದರತ್ತ ತಿರುಗಿದ ಕೂಡಲೇ ಇಕ್ಕಳದಲ್ಲಿ ಊಟ ಕೊಡಿ. ಇಷ್ಟೇ ಮೊದಲ ಹಂತ. ನಾಲ್ಕೈದು ಊಟದ ನಂತರ ಚೆಂಡು ಕಂಡರೆ ಹಾವು ತಾನಾಗಿ ಹತ್ತಿರ ಬರುತ್ತದೆ. ಆಮೇಲೆ ದೂರ ಹೆಚ್ಚಿಸಿ: ಎರಡಡಿ, ಗೂಡಿನ ಇನ್ನೊಂದು ತುದಿ, ಕೊನೆಗೆ ಪಕ್ಕದ ಬೇರೆ ಪೆಟ್ಟಿಗೆಯವರೆಗೆ.

ಈ ಕೊನೆಯ ಹಂತ ದೊಡ್ಡ ಹಾವಿನವರಿಗೆ ವರ. 14 ಅಡಿಯ ಬರ್ಮೀಸ್ ತಾನಾಗಿ ಹರಿದು ಪಕ್ಕದ ಪೆಟ್ಟಿಗೆಗೆ ಹೋದರೆ ಗೂಡು ತೊಳೆಯಲು ಅದನ್ನು ಎತ್ತುವ ಕೆಲಸವೇ ಇಲ್ಲ.

ಚೆಂಡನ್ನೇ ಕಚ್ಚಿದರೆ ಎಳೆಯಬೇಡಿ, ಬಿಡುವವರೆಗೆ ಕಾಯಿರಿ. ಮುಂದಿನ ಸಲ ಇನ್ನಷ್ಟು ದೂರದಲ್ಲಿ ಹಿಡಿಯಿರಿ. ಬೇಗ ಕಲಿಸುವ ಆಸೆಗೆ ಊಟದ ಸಂಖ್ಯೆ ಹೆಚ್ಚಿಸಬಾರದು. ಒಂದು ದೊಡ್ಡ ಇಲಿಯ ಬದಲು ಅಷ್ಟೇ ತೂಕದ ಮೂರು ಚಿಕ್ಕ ಇಲಿ ಕೊಟ್ಟರೆ ಒಂದೇ ದಿನ ಮೂರು ಅಭ್ಯಾಸ ಸಿಗುತ್ತದೆ.

ಗೂಡಿನೊಳಗೆ ಊಟ ಹಾಕಿದರೆ ಕೈಯನ್ನೂ ಕಚ್ಚುವುದು ಕಲಿಯುತ್ತದಂತೆ, ಹೌದಾ?

ಬಹಳ ಹಳೆಯ ನಂಬಿಕೆ. ಬಾಗಿಲು ತೆರೆದಾಗಲೆಲ್ಲ ಊಟ ಮಾತ್ರ ಬರುತ್ತಿದ್ದರೆ ಹಾವು ಹಾಗೆ ಕಲಿಯುತ್ತದೆ ನಿಜ. ಅದಕ್ಕೆ ಹುಕ್ ಇದೆ. ಬೇರೆ ಡಬ್ಬಕ್ಕೆ ಎತ್ತಿ ಹಾಕಿ ಊಟ ಕೊಟ್ಟರೆ, ತಿಂದು ಮುಗಿಸಿ ಇನ್ನೂ ಬೇಟೆಯ ಗುಂಗಿನಲ್ಲಿರುವ ಹಾವನ್ನು ಹೊಟ್ಟೆ ತುಂಬಿದ ಸ್ಥಿತಿಯಲ್ಲಿ ಮತ್ತೆ ಕೈಯಿಂದ ಎತ್ತಬೇಕಾಗುತ್ತದೆ. ಕಚ್ಚಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ತಿಂದದ್ದನ್ನು ಕಕ್ಕುವ ಅಪಾಯ ಬೇರೆ. ಟಾರ್ಗೆಟ್ ಹಿಂಬಾಲಿಸಿ ತಾನೇ ಹೋಗಿ ತಾನೇ ಬರುವ ಹಾವಿಗೆ ಮಾತ್ರ ಬೇರೆ ಜಾಗ ಸರಿ.

ಊಟ ಎಷ್ಟು, ಎಷ್ಟು ದಿನಕ್ಕೊಮ್ಮೆ, ಹೇಗೆ?

ಆಹಾರದ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿರಲಿ, ಅದಕ್ಕಿಂತ ಹೆಚ್ಚು ಬೇಡ. 6–7 ಅಡಿಯ ಬೆಳೆದ ಬೋವಾಕ್ಕೆ 200–250 ಗ್ರಾಂ ತೂಗುವ ಒಂದು ಇಲಿ, 3–4 ವಾರಕ್ಕೊಮ್ಮೆ ಸಾಕು. ಬೆಳೆದ ಬರ್ಮೀಸ್‌ಗೆ 2 ಕೆ.ಜಿ. ಆಸುಪಾಸಿನ ಮೊಲ, ಹೆಚ್ಚುಕಮ್ಮಿ ತಿಂಗಳಿಗೊಮ್ಮೆ. ‘ಪಾಪ, ಹಸಿದಿದೆ’ ಎಂದು ವಾರವಾರ ತಿನ್ನಿಸಿ ಕೊಬ್ಬಿಸಿದ ಬೋವಾಗಳನ್ನು ಹಸಿದ ಬೋವಾಗಳಿಗಿಂತ ಹೆಚ್ಚಾಗಿ ಕಾಣುತ್ತೇವೆ. ಕೊಬ್ಬು ಅವುಗಳ ಲಿವರ್ ಕೆಡಿಸಿ ಆಯಸ್ಸು ತಿನ್ನುತ್ತದೆ.

ಫ್ರೀಜರ್‌ನ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ. ಮೊಲಕ್ಕೆ ಎರಡು ದಿನ ಬೇಕು. ಕೊಡುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಹೊಟ್ಟೆ ಒತ್ತಿ ನೋಡಿ, ಒಳಗೆ ಗಟ್ಟಿ ಗಂಟು ಇರಬಾರದು. ಮೈ 38–40 ಡಿಗ್ರಿ ಬೆಚ್ಚಗಿದ್ದರೆ ಸರಿ. ಕುದಿಯುವ ನೀರು ಬೇಡ, ಚರ್ಮ ಒಡೆಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಸಾಕಷ್ಟು ಬಿಸಿಯಿಲ್ಲದ ಇಲಿ ಮುಂದಿದ್ದು ಬಿಸಿ ಕೈ ಹಿಂದಿದ್ದರೆ ಹಾವು ಕೈಯನ್ನೇ ಆರಿಸುತ್ತದೆ. ಪೈಥಾನ್‌ಗಳಿಗೆ ತುಟಿಯ ಮೇಲೆ ಶಾಖ ಗ್ರಹಿಸುವ ಕುಳಿಗಳಿವೆ. ಬೋವಾಕ್ಕೆ ಕುಳಿ ಕಾಣುವುದಿಲ್ಲ, ಆದರೆ ಅದೂ ಶಾಖ ಗ್ರಹಿಸುತ್ತದೆ.

ಇಕ್ಕಳ ಬೋವಾಕ್ಕೆ ಎರಡಡಿ, ಬರ್ಮೀಸ್‌ಗೆ ಮೂರಡಿಗಿಂತ ಉದ್ದ ಇರಲಿ. 12 ಅಡಿ ದಾಟಿದ ಹಾವಿಗೆ ಇಕ್ಕಳವೂ ಸಾಲದು: ಹಾವನ್ನು ಗೂಡಿನ ಒಂದು ಭಾಗದಲ್ಲಿ ಮುಚ್ಚಿ, ಇನ್ನೊಂದು ಭಾಗದಲ್ಲಿ ಊಟ ಇಟ್ಟು, ಬಾಗಿಲು ಹಾಕಿ ಬೀಗ ಜಡಿದ ಮೇಲೆ ನಡುವಿನ ತಡೆ ತೆಗೆಯಿರಿ.

ಊಟವಾದ ಮೇಲೆ ಯಾವಾಗ ಮುಟ್ಟಬಹುದು?

ಚಿಕ್ಕ ಊಟಕ್ಕೆ ಕನಿಷ್ಠ 48 ಗಂಟೆ. ಮೊಲದಂಥ ದೊಡ್ಡ ಊಟಕ್ಕೆ 5ರಿಂದ 7 ದಿನ, ಹೊಟ್ಟೆಯ ಉಬ್ಬು ಇಳಿಯುವವರೆಗೆ. ಕಕ್ಕಿದರೆ ನೀರು ಮಾತ್ರ ಇಟ್ಟು ಎರಡು ವಾರ ಬಿಡಿ, ಆಮೇಲೆ ಅರ್ಧ ಗಾತ್ರದ ಊಟ. ಮತ್ತೆ ಕಕ್ಕಿದರೆ ವೈದ್ಯರ ಬಳಿಗೆ.

ಎತ್ತಲು ಎಷ್ಟು ಜನ ಬೇಕು? ಹೇಗೆ ಎತ್ತಬೇಕು?

8 ಅಡಿ ದಾಟಿದರೆ ಇಬ್ಬರು. ಅಲ್ಲಿಂದ ಮೇಲೆ ಪ್ರತಿ 4–5 ಅಡಿಗೆ ಇನ್ನೊಬ್ಬರು ಎಂಬ ಲೆಕ್ಕ ಚಾಲ್ತಿಯಲ್ಲಿದೆ. ‘ಇದು ಬಹಳ ಸಾಧು’ ಎನ್ನುವುದು ಈ ಲೆಕ್ಕವನ್ನು ಬದಲಿಸುವುದಿಲ್ಲ. ಎರಡನೆಯವರು ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತಿದ್ದರೆ ಲೆಕ್ಕಕ್ಕಿಲ್ಲ, ಕೈಯಳತೆಯಲ್ಲಿರಬೇಕು. ಊಟ ಹಾಕುವಾಗಲೂ ಇದೇ ನಿಯಮ.

ತಲೆಯ ಕಡೆಯವರು ಮುಖ್ಯಸ್ಥರು, ಅವರು ಹೇಳಿದಾಗ ಮಾತ್ರ ಮತ್ತೊಬ್ಬರು ಎತ್ತುವುದು. ಮೊದಲ ಕೈ ತಲೆಯಿಂದ ಮೂರನೇ ಒಂದು ಭಾಗದಷ್ಟು ಕೆಳಗೆ, ಎರಡನೆಯದು ಮೈಯ ದಪ್ಪ ಭಾಗದ ಕೆಳಗೆ. ಬಾಲ ಒಂದನ್ನೇ ಹಿಡಿದು ಎತ್ತಿದರೆ ಬೆನ್ನುಮೂಳೆಗೆ ಏಟು. ಕತ್ತು ಹಿಸುಕಿ ಹಿಡಿದರೆ ಹಾವು ಬಿಡಿಸಿಕೊಳ್ಳಲು ಸುತ್ತುತ್ತದೆ, ನೀವೇ ಆಮಂತ್ರಣ ಕೊಟ್ಟಂತೆ. ಕೈ ಆಧಾರವಾಗಿರಲಿ, ಬಿಗಿಹಿಡಿತ ಬೇಡ. ಹಾವು ಮುಂದೆ ಹರಿದಷ್ಟೂ ಕೈ ಬದಲಿಸುತ್ತ ಹೋಗಿ. 15–20 ನಿಮಿಷಕ್ಕೆ ಮುಗಿಸಿ, ಹಾವು ಶಾಂತವಾಗಿರುವಾಗಲೇ ಗೂಡಿಗೆ ಬಿಡಿ. ಕೊಸರಾಡಿದ ಕೂಡಲೇ ಬಿಟ್ಟರೆ ಕೊಸರಾಡುವುದೇ ಬಿಡುಗಡೆಯ ದಾರಿ ಎಂದು ಕಲಿಯುತ್ತದೆ.

ಕತ್ತಿಗೆ ಹಾಕಿಕೊಂಡು ಫೋಟೋ ತೆಗೆಸಬಹುದಾ?

ಬೇಡ. 6 ಅಡಿಯ ಬೋವಾವನ್ನೂ ಕತ್ತಿನ ಸುತ್ತ ಬಿಡಬೇಡಿ. ಬೀಳುತ್ತೇನೆಂಬ ಭಯಕ್ಕೆ ಹಾವು ಸಹಜವಾಗಿ ಬಿಗಿಹಿಡಿಯುತ್ತದೆ, ಅಲ್ಲಿ ಸಿಟ್ಟೂ ಇಲ್ಲ ಹಸಿವೂ ಇಲ್ಲ. ಹೆಗಲ ಮೇಲೆ ಬಂದರೆ ಎರಡೂ ತುದಿ ಮುಂದಕ್ಕೇ ಇರಲಿ, ಹಿಂದಿನಿಂದ ಸುತ್ತು ಪೂರ್ತಿಯಾಗಲು ಬಿಡಬೇಡಿ.

ಕಚ್ಚಿ ಹಿಡಿದರೆ?

ಹೆದರಿ ಕಚ್ಚಿದರೆ ಕ್ಷಣದಲ್ಲಿ ಬಿಡುತ್ತದೆ. ಊಟವೆಂದು ಕಚ್ಚಿದರೆ ಹಿಡಿದುಕೊಂಡು ಸುತ್ತುತ್ತದೆ. ಎಳೆಯಬೇಡಿ. ಹಲ್ಲುಗಳು ಒಳಮುಖವಾಗಿ ಬಾಗಿವೆ, ಎಳೆದಷ್ಟೂ ನಿಮ್ಮ ಚರ್ಮ ಹರಿಯುತ್ತದೆ, ಅದರ ಹಲ್ಲು ಮುರಿಯುತ್ತದೆ. ತಲೆಯ ಮೇಲೆ ತಣ್ಣೀರು ಬಿಡಿ. ಬಿಡದಿದ್ದರೆ ಆಲ್ಕೋಹಾಲ್ ಇರುವ ಹ್ಯಾಂಡ್ ಸ್ಯಾನಿಟೈಸರನ್ನೋ ಮೌತ್‌ವಾಶನ್ನೋ ಬಾಯಿಯ ಅಂಚಿಗೆ ಕೆಲವು ಹನಿ ಹಾಕಿ. ಅದರ ಬಾಯಿ ಉರಿಯುತ್ತದೆ, ಆದ್ದರಿಂದ ಇದು ಮೊದಲ ಉಪಾಯವಲ್ಲ. ಒಂದು ಬಾಟಲಿ ಗೂಡಿನ ಪಕ್ಕದಲ್ಲೇ ಇಟ್ಟಿರಿ.

ವಿಷವಿಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಐದು ನಿಮಿಷ ತೊಳೆಯಿರಿ, ಮುರಿದ ಹಲ್ಲು ಉಳಿದಿದೆಯೇ ನೋಡಿ, ಟಿಟಿ ಇಂಜೆಕ್ಷನ್ ವಿಚಾರ ವೈದ್ಯರನ್ನು ಕೇಳಿ. ಮುಖಕ್ಕೆ, ಬೆರಳ ಗಂಟಿಗೆ ಆದ ಗಾಯವನ್ನು ಅದೇ ದಿನ ತೋರಿಸಿ.

ಸುತ್ತಿಕೊಂಡು ಬಿಗಿದರೆ ಬಿಡಿಸುವುದು ಹೇಗೆ?

ಬಾಲದ ತುದಿಯಿಂದ. ಅಲ್ಲಿ ಬಲ ಕಡಿಮೆ. ತುದಿ ಹಿಡಿದು ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಒಂದೊಂದೇ ಸುರುಳಿ ಬಿಚ್ಚುತ್ತ ತಲೆಯತ್ತ ಬನ್ನಿ. ಮಧ್ಯದ ಸುರುಳಿಗೆ ಬೆರಳು ತೂರಿಸಿ ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಇಬ್ಬರಿದ್ದರೆ ಒಬ್ಬರು ತಲೆಗೆ ಟವೆಲ್ ಮುಚ್ಚಿ ಹಿಡಿಯಬೇಕು, ಇನ್ನೊಬ್ಬರು ಬಾಲ ಬಿಚ್ಚಬೇಕು. ಕತ್ತು ಅಥವಾ ಎದೆಗೆ ಬಿದ್ದಿದ್ದರೆ ಹಾವಿಗೆ ನೋವಾದೀತೇ ಎಂದು ನೋಡುವ ಹೊತ್ತಲ್ಲ: ತಣ್ಣೀರು, ಆಲ್ಕೋಹಾಲ್, ತುರ್ತು ಕರೆ ಎಲ್ಲವೂ ಒಟ್ಟಿಗೆ.

ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂಬುದು ಅರ್ಧ ಸತ್ಯ. ಬೋವಾ ಇಲಿಯನ್ನು ಬಿಗಿದಾಗ ರಕ್ತಸಂಚಾರ ಕೆಲವೇ ಸೆಕೆಂಡಿನಲ್ಲಿ ಕುಸಿಯುವುದನ್ನು 2015ರಲ್ಲಿ ಪ್ರಕಟವಾದ ಪ್ರಯೋಗ ಅಳೆದು ತೋರಿಸಿತು. ಅಂದರೆ ಪ್ರಜ್ಞೆ ತಪ್ಪಲು ನಿಮಿಷಗಳು ಬೇಕಿಲ್ಲ. ಸತ್ತಂತೆ ಸುಮ್ಮನಿದ್ದರೆ ಬಿಡುತ್ತದೆ ಎಂಬ ಮಾತೂ ನಂಬಬೇಡಿ. 2012ರ ಇನ್ನೊಂದು ಪ್ರಯೋಗದಲ್ಲಿ ಸತ್ತ ಇಲಿಯೊಳಗೆ ಕೃತಕವಾಗಿ ಮಿಡಿಯುವ ಹೃದಯ ಇಟ್ಟಾಗ, ಮಿಡಿತ ಇರುವವರೆಗೆ ಬೋವಾ ಹೆಚ್ಚು ಹೊತ್ತು, ಹೆಚ್ಚು ಬಲವಾಗಿ ಬಿಗಿಯಿತು. ಮೈ ಸ್ತಬ್ಧವಾಗಿದ್ದರೂ ನಿಮ್ಮ ನಾಡಿ ಅದಕ್ಕೆ ತಿಳಿಯುತ್ತದೆ.

ಗೂಡು ಹೇಗಿರಬೇಕು?

ಬೋವಾಕ್ಕೆ ಕನಿಷ್ಠ 6×2 ಅಡಿ, ಬರ್ಮೀಸ್‌ಗೆ 8×4 ಅಡಿ ನೆಲ. ಬೀಗ ಹಾಕುವ ಬಾಗಿಲು ಕಡ್ಡಾಯ. ಸರಿಯುವ ಗಾಜಿನ ಬಾಗಿಲನ್ನು ಹಾವು ಮೂತಿಯಿಂದ ತಳ್ಳಿ ತೆರೆಯುತ್ತದೆ, ಬಲೆಯ ಮುಚ್ಚಳದ ಮೇಲೆ ಪುಸ್ತಕ ಇಟ್ಟು ನೆಮ್ಮದಿಯಾಗಿರುವವರ ಹಾವು ಒಂದು ದಿನ ಸೋಫಾದೊಳಗೆ ಸಿಗುತ್ತದೆ. ಗೂಡಿರುವ ಕೋಣೆಗೂ ಬೀಗ ಇರಲಿ. ಬಿಸಿ ಮಾಡುವ ಯಾವ ಸಾಧನವೂ ಥರ್ಮೋಸ್ಟಾಟ್ ಇಲ್ಲದೆ ಬೇಡ. ಬಲ್ಬಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ.

ಹೊಸದಾಗಿ ತಂದ ಹಾವನ್ನು ಯಾವಾಗಿನಿಂದ ಮುಟ್ಟಬೇಕು?

ಎರಡು ವಾರ ಬಿಟ್ಟುಬಿಡಿ. ಎರಡು ಸಲ ಸರಿಯಾಗಿ ತಿಂದ ಮೇಲೆ ಹುಕ್ ಶುರು ಮಾಡಿ, ಐದು ನಿಮಿಷದಿಂದ. ಆಮೇಲೆ ವಾರಕ್ಕೆ ಎರಡು-ಮೂರು ಸಲ. ಮನೆಯಲ್ಲಿ ಬೇರೆ ಹಾವಿದ್ದರೆ ಹೊಸದನ್ನು 90 ದಿನ ಬೇರೆ ಕೋಣೆಯಲ್ಲಿಡಿ, ಬೇರೆ ಹುಕ್, ಬೇರೆ ಬಟ್ಟಲು. ಉಣ್ಣೆಹುಳುಗಳು (ಮೈಟ್) ಬಹಳ ಬೇಗ ಹರಡುತ್ತವೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

5 ವರ್ಷದೊಳಗಿನ ಮಕ್ಕಳು ಹಾವನ್ನಾಗಲಿ ಅದರ ನೀರನ್ನಾಗಲಿ ಮುಟ್ಟಬಾರದು. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಇರುತ್ತದೆ. ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ದೊಡ್ಡ ಪೈಥಾನ್ ಇರುವ ಮನೆಯಲ್ಲಿ ಕೀಲಿ ದೊಡ್ಡವರ ಹತ್ತಿರ ಮಾತ್ರ ಇರಬೇಕು.

ಹಾಲು ಕೊಡಬಹುದಾ?

ಇಲ್ಲ. ನೀರು ಸಾಕು.

ನನ್ನನ್ನು ಗುರುತು ಹಿಡಿಯುತ್ತದಾ?

ಪರಿಚಿತ ವಾಸನೆಗೆ, ದಿನನಿತ್ಯದ ಕ್ರಮಕ್ಕೆ ಒಗ್ಗಿಕೊಳ್ಳುತ್ತದೆ. ಅಷ್ಟನ್ನು ಪ್ರೀತಿ ಎಂದುಕೊಂಡು ಹುಕ್ ಕೈಬಿಟ್ಟವರೇ ಕಚ್ಚಿಸಿಕೊಳ್ಳುವವರು.

ಸಾಕಲು ಆಗುತ್ತಿಲ್ಲ. ಏನು ಮಾಡಲಿ?

ಹೊರಗೆ ಬಿಡಬೇಡಿ. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ನೆಲೆಯೂರಿದ ಬರ್ಮೀಸ್‌ಗಳು ಸಾಕಿ ಬಿಟ್ಟ, ತಪ್ಪಿಸಿಕೊಂಡ ಹಾವುಗಳ ಸಂತತಿ. ಅಲ್ಲಿನ ರಕೂನ್, ಮೊಲದಂಥ ಮಧ್ಯಮ ಗಾತ್ರದ ಪ್ರಾಣಿಗಳನ್ನು ಅವು ಬಹುಪಾಲು ಖಾಲಿ ಮಾಡಿವೆ. ಆ ರಾಜ್ಯದ ವನ್ಯಜೀವಿ ಆಯೋಗ ಬೇಡವಾದ ಪ್ರಾಣಿಗಳನ್ನು ದಂಡವಿಲ್ಲದೆ ಒಪ್ಪಿಸುವ ವ್ಯವಸ್ಥೆ ಇಟ್ಟಿದೆ. ಬೇರೆ ಕಡೆ ಇರುವವರು ಸರೀಸೃಪ ರಕ್ಷಣಾ ಸಂಸ್ಥೆಗಳನ್ನು ಕೇಳಿ. ಭಾರತದಲ್ಲಿ ನೋಂದಾಯಿತ ಹಾವನ್ನು ಕೊಡುವ ಮುಂಚೆ ವರ್ಗಾವಣೆಯನ್ನು ಪರಿವೇಶ್‌ನಲ್ಲಿ ದಾಖಲಿಸಬೇಕು. 10 ಅಡಿಯ ಹಾವಿಗೆ ಹೊಸ ಮನೆ ಸಿಗಲು ತಿಂಗಳುಗಳೇ ಹಿಡಿಯುತ್ತವೆ, ಆದ್ದರಿಂದ ಊರು ಬದಲಿಸುವ ವಾರದಲ್ಲಿ ಹುಡುಕಲು ಕೂರಬೇಡಿ. ಕೊಡುವಾಗ ಹುಕ್, ಟಾರ್ಗೆಟ್, ಕೊನೆಯ ಆರು ತಿಂಗಳ ಊಟದ ಪಟ್ಟಿ ಜೊತೆಗೇ ಕೊಡಿ. ಹೊಸಬರು ಅದೇ ಚೆಂಡು, ಅದೇ ಕ್ರಮ ಮುಂದುವರಿಸಿದರೆ ಹಾವು ಮತ್ತೆ ಮೊದಲಿನಿಂದ ಕಲಿಯಬೇಕಾಗುವುದಿಲ್ಲ.